ಅಣ್ಣ ನಂಬದ ಒಂದು ಸುದ್ದಿ

ಮೊನ್ನೆ ಮಾನ್ವಿಯಲ್ಲಿ ಶಾಲೆ ಮುಗಿಸಿ, ಸಂಬಂಧಿಕರ ಮನೆಯ ಕಾರ್ಯಕ್ಕೆಂದು ಪೋತ್ನಾಳದ ಬಸ್ ಹತ್ತಿದ್ದೆ. ಅರ್ಧ ದಾರಿಯಲ್ಲಿ ಬಸ್ ಪಂಕ್ಚರ್ ಆಯಿತು. ಡ್ರೈವರನ್ನು ಬೈಯುತ್ತ ಎಲ್ಲರೂ ಇಳಿದೆವು. ಹಿಂದಿನ ದಿನ ನಾಲ್ಕು ಹನಿ ಮಳೆ ಬಿದ್ದಿತ್ತು. ರಸ್ತೆಯ ಬದಿಗೆ ಕೊಯ್ದ ಗದ್ದೆಯಲ್ಲಿ ಯಾರೋ ಕುರಿ ತರುಬಿದ್ದರು. ಭತ್ತ ಕೊಯ್ದ ಮೇಲೆ ಗೊಬ್ಬರ ಬೀಳಲಿ ಎಂದು ನಮ್ಮ ಕಡೆ ಹೊಲದವರು ಕುರಿ ಹಿಂಡನ್ನು ಕರೆದು ನಿಲ್ಲಿಸಿಕೊಳ್ಳುತ್ತಾರೆ. ಹಸಿ ಮಣ್ಣು, ಹಿಕ್ಕೆ, ತೊಯ್ದ ಉಣ್ಣೆ ಎಲ್ಲ ಕೂಡಿದ ವಾಸನೆ ಗಾಳಿಗೆ ಬಂತು. ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮುಚ್ಚಿಕೊಳ್ಳಲಿಲ್ಲ. ಆ ವಾಸನೆಯಲ್ಲೇ ಬೆಳೆದವಳು ನಾನು.

ಆದರೆ ಅದರಿಂದ ನನಗೆ ಈಗ ಬಾಲ್ಯ ನೆನಪಾಗುವುದಿಲ್ಲ. ಕೊರೊನಾ ಬಂದ ವರ್ಷದ ಬೇಸಿಗೆ ನೆನಪಾಗುತ್ತದೆ. ಬಸ್ಸಿನ ಟೈರು ಬದಲಾಗುವವರೆಗೂ ಅದೇ ನೆನಪು.

ನಮ್ಮದು ದೇವದುರ್ಗ ತಾಲೂಕಿನಲ್ಲಿ ಗೂಗಲ್ ಹತ್ತಿರದ ಹಳ್ಳಿ. ಕೃಷ್ಣಾ ಹೊಳೆಯ ದಂಡೆಯಲ್ಲಿ ಕುರಿ ಕಾಯುವ ಮನೆತನ. ಅಣ್ಣ ಮಾಳಪ್ಪ ಓದು ಬಿಟ್ಟು ಕುರಿಯ ಹಿಂದೆ ಹೋದ. ಅವನು ಹೋದದ್ದರಿಂದ ನಾನು ಓದಿದೆ, ಮಾನ್ವಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆದೆ, ಮದುವೆಯಾಗಿ ರಾಯಚೂರು ಸೇರಿದೆ. ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ ಅಣ್ಣ, ನಮ್ಮ ನಾಗಪ್ಪ ಕಾಕಾ ಮತ್ತು ಇನ್ನೆರಡು ಮನೆಯವರು ಹಿಂಡು ಕೂಡಿಸಿಕೊಂಡು ಭತ್ತದ ಸೀಮೆಗೆ ಹೋಗುತ್ತಾರೆ. ಆ ವರ್ಷ ಅವರು ತುಂಗಭದ್ರೆ ದಾಟಿ ಆಂಧ್ರದ ಕಡೆ ಹೋಗಿದ್ದರು. ಅವ್ವ ಮಾತ್ರ ಕಣ್ಣಿನ ಪೊರೆ ತೆಗೆಸಲು ರಾಯಚೂರಿನ ನಮ್ಮ ಮನೆಗೆ ಬಂದಿದ್ದಳು. ಕಣ್ಣಿನ ಪಟ್ಟಿ ಬಿಚ್ಚುವಷ್ಟರಲ್ಲಿ ಬಸ್ಸು, ಬಜಾರು, ರಾಜ್ಯದ ಗಡಿ ಎಲ್ಲ ಬಂದ್ ಆದವು. ಅಣ್ಣ ಹೊಳೆಯ ಆಚೆ ಸಿಕ್ಕಿಬಿದ್ದ. ಅವ್ವ ಈಚೆ ಸಿಕ್ಕಿಬಿದ್ದಳು.

ಹೊಸ ಕಣ್ಣು ಬಂದ ಅವ್ವನಿಗೆ ನೋಡಲು ಸಿಕ್ಕಿದ್ದು ಟಿವಿ. ನಮ್ಮ ಮನೆಯವರು ಬೆಳಗಾದರೆ ಟಿವಿ ಹಚ್ಚಿ ಕೂಡುತ್ತಿದ್ದರು. ಕೆಂಪು ಅಕ್ಷರ, ಗಂಟೆ ಬಾರಿಸಿದಂಥ ಸದ್ದು, ಒಬ್ಬರ ಮೇಲೊಬ್ಬರು ಕೂಗುವ ಮಾತು. ಅವ್ವ ಸ್ವಲ್ಪ ಹೊತ್ತು ನೋಡಿ, ಇವನು ಬಾಯಿ ತೆಗೆದರೆ ಬರೀ ಸಾವಿನ ಸುದ್ದಿ ಹೇಳುತ್ತಾನೆ, ಇವನ ಮನೆಯಲ್ಲಿ ಬುದ್ಧಿ ಹೇಳುವವರು ಯಾರೂ ಇಲ್ಲವೇ ಎಂದು ಕೇಳಿ ಅಡುಗೆಮನೆಗೆ ಎದ್ದು ಬರುತ್ತಿದ್ದಳು. ನನಗೂ ತಲೆ ಕೆಡುತ್ತಿತ್ತು. ಮೊದಲು ಕೋಳಿ ತಿಂದರೆ ರೋಗ ಬರುತ್ತದೆ ಅಂದರು, ಜನ ಕೋಳಿ ಬಿಟ್ಟರು. ಆಮೇಲೆ ಬೇವಿನ ರಸ ಕುಡಿದರೆ ಹತ್ತಿರ ಸುಳಿಯುವುದಿಲ್ಲ ಅಂದರು, ನಮ್ಮ ಓಣಿಯ ಬೇವಿನ ಗಿಡ ಬೋಳಾಯಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುವ ಗಾದೆಯನ್ನು ಮಕ್ಕಳಿಗೆ ಹೇಳುವ ನನಗೆ, ಫೋನಿಗೆ ಬಂದದ್ದನ್ನೆಲ್ಲ ಕಣ್ಣು ಮುಚ್ಚಿ ಇನ್ನೊಬ್ಬರಿಗೆ ದಾಟಿಸುವ ಜನರನ್ನು ಕಂಡರೆ ಸಿಟ್ಟು ನೆತ್ತಿಗೇರುತ್ತಿತ್ತು. ಅವರಲ್ಲಿ ಅರ್ಧ ಜನ ನನ್ನ ಜೊತೆಯ ಟೀಚರುಗಳೇ.

ಹೊಳೆಯ ಆಚೆ ಅಣ್ಣನ ಬಳಿ ಇದ್ದದ್ದು ಗುಂಡಿಯ ಫೋನು. ಅದಕ್ಕೆ ಸಂದೇಶಗಳ ಕಾಟವಿರಲಿಲ್ಲ. ಆದರೆ ಸುದ್ದಿ ಇಲ್ಲದಿರುವುದು ಇನ್ನೊಂದು ಕಾಟ. ಅಲ್ಲಿನ ಹಳ್ಳಿಗಳು ದಾರಿಗೆ ಮುಳ್ಳು ಬಡಿದಿದ್ದವು. ಪರ ಊರಿನವರೆಂದು ಬೋರಿಂಗಿನ ಹತ್ತಿರ ನೀರಿಗೂ ಬಿಡುತ್ತಿರಲಿಲ್ಲ. ಕುರಿಯ ಉಣ್ಣೆಯಲ್ಲಿ ರೋಗ ಕೂತು ಬರುತ್ತದೆ ಎಂದು ಯಾರೋ ಹಬ್ಬಿಸಿದ್ದರು. ಹೀಗಾಗಿ ಪ್ರತಿ ಸಂಜೆ, ಕುರಿ ತರುಬಿದ ಮೇಲೆ, ಅಣ್ಣ ಒಂದು ದಿಬ್ಬ ಹತ್ತಿ ನನಗೆ ಫೋನ್ ಮಾಡುತ್ತಿದ್ದ. ಕಾಕಾ ಮತ್ತು ಉಳಿದವರು ಸುತ್ತ ಕೂಡುತ್ತಿದ್ದರು. ನಾನು ಅಂದಿನ ಪೇಪರು ಓದಿ, ಆರೋಗ್ಯ ಇಲಾಖೆಯವರು ಹೇಳಿದ್ದನ್ನು ಕೇಳಿ, ಇಷ್ಟು ಖರೇ, ಇಷ್ಟು ಸುಳ್ಳು, ಇಷ್ಟು ಇನ್ನೂ ಯಾರಿಗೂ ಗೊತ್ತಿಲ್ಲ ಎಂದು ಹೇಳುತ್ತಿದ್ದೆ. ಆ ಮೂರನೆಯದೇ ಬಹಳ ಇರುತ್ತಿತ್ತು. ಉಣ್ಣೆಯ ಮಾತು ಸುಳ್ಳು ಎಂದು ನಾನು ಹೇಳಿದ್ದನ್ನು ಅಣ್ಣ ತನ್ನ ಹರಕು ತೆಲುಗಿನಲ್ಲಿ ಆ ಊರಿನವರಿಗೆ ಹೇಳಿದನಂತೆ. ಒಬ್ಬ ಮುದುಕ ನಂಬಿ, ತನ್ನ ಹೊಲದ ಪಂಪಿನಿಂದ ಹಿಂಡಿಗೆಲ್ಲ ನೀರು ಬಿಟ್ಟನಂತೆ. ಒಂದು ಸಂಜೆ ಅಣ್ಣ ಉಳಿದವರಿಗೆ ಹೇಳಿದ ಮಾತು ಫೋನಿನಲ್ಲಿ ನನಗೂ ಕೇಳಿಸಿತು.

"ನಮ್ಮ ತಂಗಿ ಗೊತ್ತಿಲ್ದಿದ್ದಕ್ಕ ಗೊತ್ತಿಲ್ಲ ಅಂತಾಳ. ಅದಕ್ಕ ಆಕಿ ಗೊತ್ತದ ಅಂದಿದ್ದನ್ನ ನಂಬ್ರಿ."

ಸುಳ್ಳು ಯಾಕೆ, ಆ ಮಾತಿಗೆ ನಾನು ಉಬ್ಬಿಹೋದೆ. ಯಾವ ಇನ್ಸ್‌ಪೆಕ್ಟರ್ ಬಂದು ಪಾಠ ನೋಡಿ ಹೊಗಳಿದಾಗಲೂ ಅಷ್ಟು ಹಿಗ್ಗಿರಲಿಲ್ಲ.

ನನ್ನ ಸುದ್ದಿ ಮುಗಿದ ಮೇಲೆ ಫೋನು ಅವ್ವನ ಕೈಗೆ ಹೋಗುತ್ತಿತ್ತು. ತಾಯಿಗೂ ಮಗನಿಗೂ ಮಾತೆಂದರೆ ಕುರಿಗಳದೇ. ಯಾವುದು ಕುಂಟುತ್ತಿದೆ, ಯಾವುದು ಗಬ್ಬ ಆಗಿದೆ, ಯಾವ ಮರಿ ತಾಯಿಯನ್ನು ಬಿಟ್ಟು ಇನ್ನೊಂದರ ಮೊಲೆಗೆ ಬಾಯಿ ಹಾಕುತ್ತದೆ. ಆ ಹೊತ್ತಿಗೆ ನಾನು ರೊಟ್ಟಿ ಬಡಿಯಲು ಎದ್ದು ಹೋಗುತ್ತಿದ್ದೆ. ನನಗೆ ಒಂದು ಕುರಿಯಿಂದ ಇನ್ನೊಂದನ್ನು ಗುರುತಿಸುವುದು ಯಾವತ್ತೂ ಬಂದಿಲ್ಲ. ಅದಕ್ಕೆ ಅಣ್ಣ ಚಿಕ್ಕಂದಿನಿಂದ ನನ್ನನ್ನು ಆಡಿಕೊಳ್ಳುತ್ತಿದ್ದ.

ಕಾರಹುಣ್ಣಿಮೆ ಹತ್ತಿರ ಬಂದಾಗ ಜಿಲ್ಲೆಯಲ್ಲಿ ರೋಗ ಕಾಣಿಸಿಕೊಂಡಿತ್ತು. ಪೇಪರಿನಲ್ಲಿ ಮೊದಲು ದೇವದುರ್ಗದ ಹೆಸರು ಬಂತು, ಆಮೇಲೆ ನಮ್ಮ ಪಕ್ಕದ ಓಣಿಯ ಹೆಸರು. ಅವ್ವನಿಗೆ ಜ್ವರ ಬಂತು. ಎಲ್ಲಿಂದ ಬಂತು, ಯಾರಿಂದ ಬಂತು ಎಂದು ನಾನು ಇವತ್ತಿಗೂ ಹುಡುಕಿಲ್ಲ. ಮೊದಲು ಬಿಸಿಲಿನ ಜ್ವರ ಅಂದುಕೊಂಡೆವು. ಮರುದಿನಕ್ಕೆ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು ಬಿಡತೊಡಗಿದಳು. ಆಂಬುಲೆನ್ಸ್ ಬಂತು. ಮೈತುಂಬ ಬಿಳಿ ಬಟ್ಟೆ ಹಾಕಿಕೊಂಡು ಬಂದ ಇಬ್ಬರನ್ನು ನೋಡಿ ಅವ್ವ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಆ ಕೈಯನ್ನು ಬಿಡಿಸಿ ಅವಳನ್ನು ಹತ್ತಿಸಿದರು. ಜೊತೆಗೆ ಹೋಗಲು ನಮ್ಮನ್ನು ಬಿಡಲಿಲ್ಲ. ನಮ್ಮ ಗೇಟಿಗೆ ಪಟ್ಟಿ ಕಟ್ಟಿ, ಹೊರಗೆ ಕಾಲಿಡಬೇಡಿ ಎಂದು ಹೇಳಿ ಹೋದರು.

ಅವತ್ತು ಸಂಜೆ ಅಣ್ಣನ ಫೋನು ಬಂದಾಗ ಹೇಳಿದೆ.

"ಅಣ್ಣಾ, ಅವ್ವನ್ನ ದವಾಖಾನಿಗೆ ಸೇರಿಸ್ಯಾರ. ಉಸಿರಿಗೆ ತ್ರಾಸ ಅದ, ಆಕ್ಸಿಜನ್ ಹಚ್ಯಾರ. ಹ್ಯಾಂಗಾರ ಮಾಡಿ ನೀ ಬಾ."

ಅವನು ಕೇಳಿದ.

"ಯಾವಾಗ ಹೋದ್ಲು?"

ಇಲ್ಲಿ ನಾನು ನಮ್ಮ ಅಪ್ಪನ ಸಾವಿನ ಸಂಗತಿ ಹೇಳಬೇಕು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಸಾವಿಗೆ ನಮ್ಮ ಕಡೆ ಒಂದೇ ಸುಳ್ಳು. ದೂರ ಇರುವವರಿಗೆ ಸತ್ತ ಸುದ್ದಿಯನ್ನು ಸತ್ತರೆಂದು ಹೇಳುವುದಿಲ್ಲ. ಆರಾಮಿಲ್ಲ, ಬಂದು ನೋಡಿ ಹೋಗು ಅನ್ನುತ್ತಾರೆ. ದಾರಿಯಲ್ಲಿ ಒಬ್ಬರೇ ಇದ್ದಾಗ ಎದೆ ಒಡೆದುಕೊಂಡು ಏನಾದರೂ ಆದೀತು ಎಂಬ ಕಾಳಜಿ. ಅಪ್ಪ ತೀರಿದಾಗ ಅಣ್ಣ ಹಿಂಡಿನ ಜೊತೆ ಸಿಂಧನೂರಿನ ಕಡೆ ಇದ್ದ. ಆಗ ಅವನು ಇನ್ನೂ ಹುಡುಗ, ಆ ಮಾತಿನ ಮರ್ಮ ತಿಳಿಯದ ವಯಸ್ಸು. ಅಪ್ಪನಿಗೆ ಚಳಿಜ್ವರ, ಬಂದು ಹೋಗು ಎಂದು ಹೇಳಿಕಳಿಸಿದರು. ಅವನು ಜ್ವರದ ಬಾಯಿಗೆ ರುಚಿಯಾಗಲಿ ಎಂದು ದಾರಿಯಲ್ಲಿ ಮೋಸಂಬಿ ಕೊಂಡು, ಚೀಲ ತೂಗಾಡಿಸಿಕೊಂಡು ಊರಿಗೆ ಬಂದ. ಊರ ಅಗಸಿ ಬಾಗಿಲಲ್ಲಿ ಕೂತ ಜನ ಎದ್ದು ನಿಂತಾಗಲೂ ಅವನಿಗೆ ತಿಳಿಯಲಿಲ್ಲ. ಅಂಗಳದಲ್ಲಿ ಅಪ್ಪನನ್ನು ಗೋಡೆಗೆ ಒರಗಿಸಿ ಕೂಡಿಸಿದ್ದನ್ನು ಕಂಡ ಮೇಲೂ ಬಹಳ ಹೊತ್ತು ಆ ಚೀಲವನ್ನು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದ. ಅವನಿಗೆ ಅಲ್ಲಿಂದ ಒಂದು ಬುದ್ಧಿ ಬಂತು. ದೂರದಿಂದ ಯಾರಾದರೂ ಆರಾಮಿಲ್ಲ ಅಂದರೆ, ಮುಗಿಯಿತು ಎಂದೇ ತಿಳಿಯುತ್ತಿದ್ದ.

ನಾನು ಆಣೆ ಮಾಡಿ ಹೇಳಿದೆ. ಡಾಕ್ಟರು ಹೇಳಿದ್ದನ್ನು ಇದ್ದದ್ದು ಇದ್ದಹಾಗೆ ಹೇಳಿದೆ. ಅವನು ಹೂಂ, ಹೂಂ ಎಂದು ಕೇಳಿಸಿಕೊಂಡ. ಅವನಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಕರುಣೆ ಇತ್ತು, ಅದೇ ನನಗೆ ತಡೆಯಲಾಗಲಿಲ್ಲ.

"ನೀ ಹೇಳೂದು ಹೇಳಿದಿ ತಂಗೆವ್ವ. ನಾ ತಿಳಕೊಂಡೆ. ಅಳಬ್ಯಾಡ."

ಅವ್ವನ ಹತ್ತಿರ ಮಾತಾಡಿಸು ಅಂದ. ಆಸ್ಪತ್ರೆಯೊಳಗೆ ನಮ್ಮನ್ನೇ ಬಿಡುವುದಿಲ್ಲ, ಅವ್ವನ ಮುಖಕ್ಕೆ ಮಾಸ್ಕು ಹಾಕಿದ್ದಾರೆ ಅಂದೆ. ಅದನ್ನು ಕೇಳಿ ಅವನಿಗೆ ಇನ್ನೂ ಖಾತ್ರಿಯಾಯಿತು. ಜೊತೆಗಿದ್ದ ನಾಗಪ್ಪ ಕಾಕಾ ಹಳೆಯ ಕಾಲದವನು, ಎಷ್ಟೋ ಮನೆಗೆ ಇಂಥ ಸುದ್ದಿ ತಾನೇ ಮುಟ್ಟಿಸಿದವನು. ಈ ರೋಗದಲ್ಲಿ ಹೋದವರನ್ನು ಮನೆಯವರ ಕೈಗೆ ಕೊಡುವುದಿಲ್ಲ, ಮಣ್ಣೂ ಮುಗಿದಿರುತ್ತದೆ, ಹುಡುಗಿ ಹೇಳಲಾರದೆ ಒದ್ದಾಡುತ್ತಿದ್ದಾಳೆ ಎಂದು ಅವನು ಅಣ್ಣನಿಗೆ ತಿಳಿಸಿ ಹೇಳಿದನಂತೆ. ರೋಗದಲ್ಲಿ ಸತ್ತವರನ್ನು ಮನೆಗೆ ಕೊಡುವುದಿಲ್ಲ ಎಂಬ ಸುದ್ದಿಯನ್ನು ಹಿಂದಿನ ವಾರ ಅವರಿಗೆ ಓದಿ ಹೇಳಿದವಳು ನಾನೇ.

ಮರುದಿನ ಅಣ್ಣ ತುಂಗಭದ್ರೆಯಲ್ಲಿ ಮಿಂದು ತಲೆ ಬೋಳಿಸಿಕೊಂಡ. ಅದನ್ನು ಅವನು ಆ ಸಂಜೆ ಫೋನಿನಲ್ಲಿ ಹೇಳಿದ. ಜೀವನದಲ್ಲಿ ಅಣ್ಣನಿಗೆ ಎದುರು ಮಾತಾಡದ ನಾನು ಬಾಯಿಗೆ ಬಂದಂತೆ ಬೈದೆ. ಬದುಕಿರೋ ಅವ್ವಗ ಸೂತಕ ಹಿಡಿದು ಕೂತೀಯಾ ಅಂದೆ. ಕೊರೊನಾದ ಸುದ್ದಿಯೆಲ್ಲ ನಂಬಿದವನು, ಮನೆಯ ಸುದ್ದಿ ಯಾಕೆ ನಂಬುವುದಿಲ್ಲ ಎಂದು ಕೇಳಿದೆ. ಅವನು ಮೆಲ್ಲಗೆ, ಆ ಸುದ್ದಿ ಬೇರೆ, ಈ ಸುದ್ದಿ ಬೇರೆ ಅಂದ.

ಆಸ್ಪತ್ರೆಯ ಸುದ್ದಿ ನನಗೆ ಬರುತ್ತಿದ್ದದ್ದು ಒಬ್ಬ ನರ್ಸಿನ ಫೋನಿನಿಂದ. ಎಳೆಯ ದನಿಯ ಹುಡುಗಿ. ಯಾವಾಗ ಕೇಳಿದರೂ, ಅದಾರ್ರಿ, ಹಾಂಗೇ ಅದಾರ ಅನ್ನುತ್ತಿದ್ದಳು. ಮೊದಲೆರಡು ಸಲ ಸಮಾಧಾನವಾಯಿತು. ಆಮೇಲೆ ನನಗೂ ಅಣ್ಣನ ರೋಗ ಅಂಟಿತು. ಹಾಗೇ ಇದ್ದಾರೆ ಅಂದರೆ ಏನು? ಮನೆಯೊಳಗೆ ಕೂಡಿಹಾಕಿದ ಹೆಂಗಸಿಗೆ ಯಾರಾದರೂ ನಿಜ ಹೇಳುತ್ತಾರೆಯೇ? ಒಂದು ಮಧ್ಯಾಹ್ನ ತಡೆಯಲಾರದೆ, ಖರೇ ಹೇಳು ತಾಯಿ, ನಮ್ಮವ್ವ ಅದಾಳೋ ಇಲ್ಲೋ ಎಂದು ಕೇಳಿಬಿಟ್ಟೆ. ಆ ಹುಡುಗಿಗೆ ಬೇಸರವಾಗಿರಬೇಕು. ಸುಮ್ಮನೆ ಫೋನ್ ಇಟ್ಟಳು. ಸ್ವಲ್ಪ ಹೊತ್ತಿಗೆ ಅವಳ ಮೊಬೈಲಿನಿಂದ ವಿಡಿಯೋ ಕಾಲ್ ಬಂತು.

ಅವ್ವ ಕಂಡಳು. ಮುಖದ ತುಂಬ ಮಾಸ್ಕು. ಹೊಸ ಕಣ್ಣು ಮಾತ್ರ ಪಿಳಿಪಿಳಿ ನೋಡುತ್ತಿದ್ದವು. ನರ್ಸ್ ಮಾಸ್ಕನ್ನು ತುಸು ಎತ್ತಿದಳು. ಅವ್ವ ಉಸಿರು ಕೂಡಿಸಿಕೊಂಡು ಎರಡೇ ಮಾತು ಆಡಿದಳು.

"ಮಾಳಪ್ಪ ಬಂದನೇನು? ಚುಕ್ಕಿ ಗಬ್ಬ ಅದ, ಅದನ್ನ ಹೊಳಿ ದಾಟಸಬ್ಯಾಡ ಅನ್ನು."

ಅಷ್ಟಕ್ಕೇ ದಣಿದಳು. ಮಾಸ್ಕು ಮತ್ತೆ ಮುಖಕ್ಕೆ ಬಂತು. ನಾನು ಕಣ್ಣೊರೆಸಿಕೊಂಡು, ಸಂಜೆಯವರೆಗೆ ಕಾಯದೆ, ಆಗಲೇ ಅಣ್ಣನಿಗೆ ಫೋನ್ ಹಚ್ಚಿದೆ. ಅವ್ವ ಅಂದದ್ದನ್ನು ಅವ್ವ ಅಂದಹಾಗೇ ಹೇಳಿದೆ.

ಅಣ್ಣ, ಚುಕ್ಕಿ ಗಬ್ಬ ಆದದ್ದು ನಿನಗೆ ಯಾರು ಹೇಳಿದರು ಎಂದು ಕೇಳಿದ. ಅವ್ವ ಅಂದೆ. ಯಾವಾಗ ಅಂದ. ಈಗ ಅಂದೆ. ಚುಕ್ಕಿ ಯಾವುದು, ಅದರ ಬಣ್ಣ ಯಾವುದು ಎಂದು ಕೇಳಿದ. ನನಗೆ ಗೊತ್ತಿಲ್ಲ ಅಂದೆ. ನಿಜಕ್ಕೂ ಗೊತ್ತಿರಲಿಲ್ಲ. ಅವ್ವನಿಗೆ ಜ್ವರ ಬರುವ ಹಿಂದಿನ ಸಂಜೆ, ನಾನು ರೊಟ್ಟಿ ಬಡಿಯುತ್ತಿದ್ದಾಗ, ಅವನು ಅದನ್ನು ಅವ್ವನಿಗೊಬ್ಬಳಿಗೇ ಹೇಳಿದ್ದನಂತೆ. ಕುರಿಯ ಹೆಸರು ಕಟ್ಟಿ ಹೇಳುವ ಜಾಣತನ ತಂಗಿಗೆ ಇಲ್ಲವೆಂಬುದು ಅವನಿಗೆ ಗೊತ್ತಿತ್ತು. ಫೋನಿನಲ್ಲಿ ಅಣ್ಣ ಅಳುವುದನ್ನು ನಾನು ಮೊದಲ ಸಲ ಕೇಳಿದೆ.

"ಅವ್ವ ಇನ್ನೂ ಇರೂವಾಗ ತಲಿ ಬೋಳಿಸಿಕೊಂಡೆನಲ್ಲ ಯವ್ವಾ. ಈ ತಲಿ ತಗೊಂಡು ಹ್ಯಾಂಗ ಆಕಿ ಮುಂದ ನಿಂದ್ರಲಿ?"

ಟವೆಲು ಸುತ್ತಿಕೊಂಡು ಬಾ ಅಂದೆ. ಅವ್ವನಿಗೆ ಕಾಣುವುದಿಲ್ಲ ಅಂದೆ. ಅಷ್ಟು ದುಃಖದಲ್ಲೂ ಇಬ್ಬರಿಗೂ ಒಂದಿಷ್ಟು ನಗು ಬಂತು. ಅವ್ವನ ಕಣ್ಣು ಮಾಡಿಸಿದ್ದು ನಮಗೆ ಆ ಮಾತಾಡಿದ ಮೇಲೇ ನೆನಪಾಯಿತು.

ಹಿಂಡನ್ನು ಕಾಕಾನಿಗೆ ಒಪ್ಪಿಸಿ ಅವನು ಹೊರಟ. ಚೆಕ್‌ಪೋಸ್ಟಿನಲ್ಲಿ ಪಾಸು ಕೇಳಿ ತಿರುಗಿ ಕಳಿಸಿದರು. ಹೊಳೆಯ ದಂಡೆ ಹಿಡಿದು ಮೇಲಕ್ಕೆ ನಡೆದು, ನೀರು ಕಡಿಮೆಯಿದ್ದ ಕಡೆ ಬಟ್ಟೆ ತಲೆಯ ಮೇಲಿಟ್ಟುಕೊಂಡು ದಾಟಿದನಂತೆ. ಗಾಡಿಗಳಿಲ್ಲ. ಇದ್ದ ಒಂದೆರಡೂ ಬೋಳು ತಲೆಯ ಅಪರಿಚಿತನನ್ನು ಹತ್ತಿಸಿಕೊಳ್ಳುವುದಿಲ್ಲ. ಸಿಕ್ಕ ಸಿಕ್ಕಲ್ಲಿ ನಿಂತು ಫೋನ್ ಮಾಡುತ್ತಿದ್ದ. ಅವ್ವನಿಗೆ ನೀನು ಬರುತ್ತಿರುವುದನ್ನು ತಿಳಿಸಿದ್ದೇನೆ, ನರ್ಸಿಗೆ ಹೇಳಿದ್ದೇನೆ ಎಂದು ನಾನು ಹೇಳುತ್ತಿದ್ದೆ. ಈಗ ಅವನು ನಾನು ಹೇಳಿದ್ದೆಲ್ಲ ನಂಬುತ್ತಿದ್ದ. ಅವ್ವನ ಉಸಿರಾಟ ಸುಧಾರಿಸಿದೆಯೇ ಎಂದು ಕೇಳಿದಾಗ, ಹಾಗೇ ಇದ್ದಾಳೆ ಅಂದರೆ, ಹಾಗೇ ಇದ್ದಾಳೆ ಎಂದೇ ನಂಬುತ್ತಿದ್ದ.

ಮರುದಿನ ಬೆಳಿಗ್ಗೆ ನರ್ಸ್ ಫೋನ್ ಮಾಡಿದಳು. ಮೇಡಂ ಅಂದಳು, ಹಾಂಗೇ ಅದಾರ ಅನ್ನಲಿಲ್ಲ. ಅಷ್ಟರಲ್ಲೇ ನನಗೆ ತಿಳಿಯಿತು.

ಪಟ್ಟಿ ಕಟ್ಟಿದ ಗೇಟಿನ ಒಳಗೆ ನಾನು ಎಷ್ಟು ಅತ್ತರೂ ಓಣಿಯ ಒಬ್ಬರೂ ಹತ್ತಿರ ಬರುವಂತಿರಲಿಲ್ಲ. ಎದುರು ಮನೆಯ ಆಚಾರ್ಯರ ಹೆಂಡತಿ ತಮ್ಮ ಕಟ್ಟೆಯ ಮೇಲೆ ನಿಂತು, ಅಲ್ಲಿಂದಲೇ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ನಮ್ಮ ಮನೆಯವರು ಅವತ್ತು ಟಿವಿ ಹಚ್ಚಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನನ್ನ ಹತ್ತಿರ ಕೂತು, ಅಣ್ಣನಿಗೆ ಈಗಲೇ ಹೇಳಬೇಡ ಅಂದರು. ಹಾದಿಯಲ್ಲಿ ಒಬ್ಬನೇ ಇದ್ದಾನೆ, ಬರಲಿ, ಬಂದ ಮೇಲೆ ತಾನೇ ತಿಳಿಯುತ್ತದೆ ಅಂದರು. ಎಲ್ಲರೂ ಹೇಳುವ ಮಾತೇ ಅದು. ನನಗೆ ಮಾತ್ರ ಅದು ಸಾಧ್ಯವಿರಲಿಲ್ಲ. ನಂಬು, ನಂಬು ಎಂದು ಅವನ ಬೆನ್ನು ಹತ್ತಿ ನಂಬಿಸಿದವಳು ನಾನು. ಈಗ ಅವನು ನಂಬುತ್ತಾನೆ ಎಂದು ಗೊತ್ತಿದ್ದೇ ಹೇಗೆ ಸುಳ್ಳು ಹೇಳಲಿ? ಅಲ್ಲದೆ ಆಸ್ಪತ್ರೆಯವರು ಮಧ್ಯಾಹ್ನದ ಒಳಗೆ ಮಣ್ಣು ಮಾಡುತ್ತೇವೆ ಅಂದಿದ್ದರು. ನಮ್ಮನ್ನು ಬಿಡುವುದಿಲ್ಲ. ಅವನಾದರೂ ನೆಟ್ಟಗೆ ಅಲ್ಲಿಗೆ ಹೋದರೆ ದೂರದಿಂದ ಒಂದು ಸಲ ನೋಡಿಯಾನು.

ಗಿಲ್ಲೇಸುಗೂರು ದಾಟಿ ಬಂದಿದ್ದೇನೆ ಎಂದು ಅವನ ಫೋನು ಬಂತು. ದನಿಯಲ್ಲಿ ದಣಿವಿತ್ತು, ಹುರುಪೂ ಇತ್ತು. ಅವ್ವ ಹೇಗಿದ್ದಾಳೆ ಎಂದು ಕೇಳಿದ.

"ಅವ್ವ ಹೋದ್ಲು ಅಣ್ಣಾ. ಹೊತ್ತು ಹುಟ್ಟೂ ಮುಂದ ಹೋದ್ಲು."

ಎಲ್ಲೋ ಒಂದು ಲಾರಿ ಹಾದುಹೋದ ಸದ್ದು ಫೋನಿನಲ್ಲಿ ಕೇಳಿಸಿತು. ಬೈಯುತ್ತಾನೇನೋ ಅಂದುಕೊಂಡೆ, ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಒಂದೀಟು ಸುಳ್ಳು ಹೇಳಬಾರದಿತ್ತೇನು ತಂಗೆವ್ವ. ರಾಯಚೂರು ಮುಟ್ಟೂತನಾ ಆದ್ರೂ ಅವ್ವ ಇರ್ತಿದ್ಲು."

ನಮ್ಮ ಹಿರಿಯರು ಆ ಒಂದು ಸುಳ್ಳನ್ನು ಯಾಕೆ ಇಟ್ಟುಕೊಂಡಿದ್ದರು ಎಂಬುದು, ಅಷ್ಟೆಲ್ಲ ಓದಿ, ಓದಿಸಿ, ನನಗೆ ಆಗ ತಿಳಿಯಿತು. ಎಲ್ಲಿಗೆ ಹೋಗಬೇಕು, ಯಾವ ಗೇಟಿನ ಹತ್ತಿರ ನಿಲ್ಲಬೇಕು ಎಂದು ಹೇಳಿದೆ. ಹೂಂ ಅಂದ. ಫೋನ್ ಇಡಲು ಹೋದೆ. ಇಡಬೇಡ ಅಂದ. ನಡೆಯುತ್ತೇನೆ, ನೀನು ಮಾತಾಡುತ್ತ ಇರು ಅಂದ. ಅವ್ವ ದವಾಖಾನೆಯಲ್ಲಿ ತನ್ನನ್ನು ನೆನೆದು ಏನೇನು ಅಂದಳು, ಎಲ್ಲ ಹೇಳು ಅಂದ.

ನನ್ನ ಹತ್ತಿರ ಇದ್ದದ್ದು ಆ ಎರಡೇ ಮಾತು. ಅವನ್ನು ಮತ್ತೊಮ್ಮೆ ಹೇಳಿದೆ. ಮುಂದ ಅಂದ. ಮಾಳಪ್ಪ ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೋ ಇಲ್ಲವೋ ಎಂದು ಕೇಳಿದಳು ಅಂದೆ. ಮುಂದ ಅಂದ. ತಂಗಿಯನ್ನು ಓದಿಸಲು ಅವನು ಶಾಲೆ ಬಿಟ್ಟ, ನನ್ನ ಮಗ ಬಂಗಾರ ಎಂದು ನರ್ಸಿನ ಮುಂದೆ ಹೇಳಿದಳು ಅಂದೆ. ಹೂಂ ಅಂದ. ಮಾಸ್ಕು ಹಾಕಿದ ಅವ್ವ ಅಷ್ಟೆಲ್ಲ ಹೇಗೆ ಮಾತಾಡಿದಳು ಎಂದು ಅವನು ಕೇಳಲಿಲ್ಲ. ಬಿಸಿಲೇರುತ್ತಿತ್ತು. ಡಾಂಬರಿನ ಮೇಲೆ ಅವನ ಚಪ್ಪಲಿಯ ಸದ್ದು ನನ್ನ ಕಿವಿಯಲ್ಲಿ ಬೀಳುತ್ತಿತ್ತು. ಅವನು ರಾಯಚೂರು ಮುಟ್ಟುವವರೆಗೂ ನಾನು ಅವ್ವನ ಮಾತುಗಳನ್ನು ಹೇಳುತ್ತಲೇ ಹೋದೆ.